ಟಕ್ ಎಂದು ನಿಂತ ಹಾಡು

ಗುಂಡಿ ಡಬ್ಬಿಯಲ್ಲಿ ಗುಂಡಿಗಳಷ್ಟೇ ಇರಬೇಕೆಂಬ ನಿಯಮವನ್ನು ಯಾವ ಮನೆಯವರೂ ಪಾಲಿಸಿದ್ದು ನಾನು ಕಂಡಿಲ್ಲ. ನಮ್ಮ ಮನೆಯ ಡಬ್ಬಿಯಲ್ಲಿ ಮುರಿದ ಹುಕ್ಕು, ಬಾಗಿದ ಸೂಜಿ, ಯಾವ ಕೀಲಿಗೂ ಕೂಡದ ಕೀಲಿಕೈ, ತೀರಿಕೊಂಡ ಕೈಗಡಿಯಾರದ ಹೊಟ್ಟೆಯೊಳಗಿನ ಚಕ್ರ, ಎಲ್ಲವೂ ಇವೆ. ಮೊನ್ನೆ ನನ್ನ ಅಂಗಿಗೆ ಗುಂಡಿ ಹಚ್ಚಲು ಕುಳಿತ ಹೆಂಡತಿ ಅದರೊಳಗಿಂದ ಕಪ್ಪು ಪ್ಲಾಸ್ಟಿಕ್ಕಿನ ಮೂರು ಮೂಲೆಯ ತುಣುಕೊಂದನ್ನು ತೆಗೆದು ಬೆಳಕಿಗೆ ಹಿಡಿದಳು.

"ಇದು ಯಾವ ಅಂಗೀದರಿ? ತೂತ ಇಲ್ಲಲ್ಲ ಇದಕ್ಕ?"

"ಅದು ಗುಂಡಿ ಅಲ್ಲ. ಗಿಟಾರಿನ ತಂತಿ ಮೀಟೋದು."

"ಹಂಗಾರ ಗುಂಡಿ ಡಬ್ಬ್ಯಾಗ ಯಾಕೈತಿ?"

ತುಣುಕನ್ನು ಇಸಿದುಕೊಂಡು ಅಂಗೈಯಲ್ಲಿ ಇಟ್ಟುಕೊಂಡೆ. ಅದು ಮುರಿದ ಬಾಚಣಿಗೆಯ ಬೆನ್ನಿನಿಂದ ಕತ್ತರಿಸಿದ್ದು. ನಮ್ಮ ಮನೆಯಲ್ಲಿ ಆಗ ಯಾವುದಕ್ಕೆ ಬರವಿದ್ದರೂ ಮುರಿದ ಬಾಚಣಿಗೆಗೆ ಮಾತ್ರ ಬರವಿರಲಿಲ್ಲ. ಏಕೆಂದರೆ ನಮ್ಮದು ಕೊಪ್ಪಳದ ಪಕ್ಕದ ಭಾಗ್ಯನಗರ, ಮತ್ತು ನಮ್ಮಪ್ಪನದು ಕೂದಲಿನ ವ್ಯಾಪಾರ.

ಮುಖ ಕಿವುಚಬೇಡಿ. ನಿಮ್ಮ ಮನೆಯಲ್ಲೂ ಅಜ್ಜಿಯೋ ಅಮ್ಮನೋ ತಲೆ ಬಾಚಿಕೊಂಡು, ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದು ನೋಡಿದ್ದೀರಿ. ಸೈಕಲ್ಲಿನವನು ಬಂದು ಪಿನ್ನು, ಬಲೂನು, ಸ್ಟೀಲಿನ ಬಟ್ಟಲು ಕೊಟ್ಟು ಆ ಉಂಡೆಗಳನ್ನು ಒಯ್ದಾಗ ಅವೆಲ್ಲ ಎಲ್ಲಿ ಹೋಗುತ್ತವೆಂದು ನೀವು ಕೇಳಲಿಲ್ಲ. ನಮ್ಮ ಮನೆಗೆ ಬರುತ್ತಿದ್ದವು. ಹಿತ್ತಲಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಅವುಗಳ ಸಿಕ್ಕು ಬಿಡಿಸಿ, ತೊಳೆದು, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು, ಉದ್ದದ ಪ್ರಕಾರ ಕಟ್ಟು ಕಟ್ಟುತ್ತಿದ್ದರು. ದೂರದ ಯಾವುದೋ ದೇಶದ ಬೋಳುತಲೆಯೊಂದು ಸಿಂಗಾರಗೊಳ್ಳುವ ಮೊದಲು ಅದರ ಕೂದಲು ನಮ್ಮ ಹನುಮವ್ವನ ಕೈಯಿಂದ ಬೈಸಿಕೊಂಡೇ ಹೋಗಬೇಕಿತ್ತು. ಹನುಮವ್ವ ಆ ಶೆಡ್ಡಿನ ಹಿರಿಯಳು. ಸಿಕ್ಕು ಬಿಡಿಸುವಾಗ ಆಕೆ ಬೈಯದೆ ಬಿಟ್ಟವರು ಯಾರೂ ಇರಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನಿಗೆ ಉದ್ದ ಕೂದಲು ಬಿಟ್ಟು ಗಿಟಾರ್ ನುಡಿಸುವ ಆಸೆ ಹುಟ್ಟಿದ್ದು ಸಹಜವೋ ಅಸಹಜವೋ ನೀವೇ ಹೇಳಬೇಕು. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆ ಹೊಸ ಕಚೇರಿಗಳು, ಹೊಸ ಬೋರ್ಡುಗಳು, ಹೊಸ ಸಾಹೇಬರು ಬಂದಿದ್ದರು. ಜಿಲ್ಲೆಗೆ ಬೇಕಾದದ್ದರಲ್ಲಿ ಇನ್ನು ರಾಕ್ ಸಂಗೀತವೊಂದೇ ಬಾಕಿ, ಅದನ್ನು ತರುವ ಹೊಣೆ ನನ್ನದು ಎಂದು ನಾನು ತಿಳಿದಿದ್ದೆ. ಕೂದಲು ಕಿವಿ ದಾಟಿ ಬೆಳೆದಾಗ ಅಪ್ಪ ಬೈಯುತ್ತಾನೆಂದು ಕಾದೆ. ಅಪ್ಪ ಬೈಯಲಿಲ್ಲ. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿ, "ಮಾಲು ಛಲೋ ಐತಿ. ಇನ್ನಾ ಸ್ವಲ್ಪ ಬೆಳೀಲಿ, ತೂಕಕ್ಕ ಬರ್ತೈತಿ," ಎಂದ. ಮರುದಿನವೇ ನಾನು ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ.

ಗಿಟಾರು ಬಂದದ್ದು ಗಂಗಾವತಿಯಿಂದ. ಅಲ್ಲಿ ನಮ್ಮ ಸೋದರಮಾವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು, ಅದಕ್ಕೆ ಒಪ್ಪುವ ಕೆಂಪು ಕೋಟು. ಅವನಿಗೆ ಅಲ್ಲೇ ಹತ್ತಿರದ ಸಿದ್ದಾಪುರದ ಕಡೆಯ ಭತ್ತದ ಗದ್ದೆಯವರ ಮನೆಯ ಹೆಣ್ಣು ಗೊತ್ತಾಯಿತು. ಬೀಗರು ಬಾಜಾ ಬಾರಿಸುವವನಿಗೆ ಹೆಣ್ಣು ಕೊಡುವುದಿಲ್ಲ ಅಂದರಂತೆ. ಮಾವ ಬಾಜಾ ಬಿಟ್ಟು ಗೊಬ್ಬರದ ಅಂಗಡಿಯಲ್ಲಿ ಕುಳಿತ. ಗಿಟಾರನ್ನು ಹಳೆಯ ಚಾದರದಲ್ಲಿ ಸುತ್ತಿ ನಮ್ಮ ಮನೆಗೆ ತಂದು, "ಅಳಿಯಾ, ಇದನ್ನ ಇಟಗೋ. ಬೀಗರು ಕೇಳಿದ್ರ ನಿಂದ ಅನ್ನು," ಎಂದು ಕಣ್ಣು ಒರೆಸಿಕೊಂಡು ಹೋದ. ಕೋಟನ್ನು ಮಾತ್ರ ಕೊಡಲಿಲ್ಲ.

ಅಪ್ಪ ಅದರ ತಂತಿ ಮೀಟಿ ಕಿವಿಗೊಟ್ಟು ಕೇಳಿದ. ಸೊಳ್ಳೆ ಗುಂಯ್ ಎಂದಷ್ಟು ಸದ್ದು.

"ಇದಕ್ಕ ಹೊಟ್ಟೀನ ಇಲ್ಲಲ್ಲೋ. ಧ್ವನಿ ಎಲ್ಲಿಂದ ಬರಬೇಕು?"

ಹೊಟ್ಟೆ ಇದ್ದದ್ದು ಮೂಲೆಯಲ್ಲಿ. ಅಪ್ಪ ನಮ್ಮ ಓಣಿಯ ಭಜನಾ ಮಂಡಳಿಯ ಹಿರಿಯ, ಪೇಟಿ ನುಡಿಸುವವ. ಹಾರ್ಮೋನಿಯಂ ಅಂದರೆ ನಮ್ಮಲ್ಲಿ ಪೇಟಿ. ಮಂಡಳಿಯ ಮೈಕ್ ಸೆಟ್ಟು, ಅದರ ದೊಡ್ಡ ಹಾರ್ನು ಸಮೇತ, ವಾರವೆಲ್ಲ ನಮ್ಮ ಮನೆಯಲ್ಲೇ ಇದ್ದು ಸೋಮವಾರದ ಭಜನೆಗೆ ಮಾತ್ರ ಗುಡಿಗೆ ಹೋಗುತ್ತಿತ್ತು. ಗಿಟಾರಿನ ವೈರನ್ನು ಅದಕ್ಕೆ ಚುಚ್ಚಿ ಗುಂಡಿ ತಿರುವಿದೆ. ಶೆಡ್ಡಿನ ತಗಡು ನಡುಗಿತು. ಹನುಮವ್ವ ಕೈಯಲ್ಲಿದ್ದ ಕಟ್ಟು ಬಿಟ್ಟು ಎದ್ದಳು. ಸೆಟ್ಟು ಹಳೆಯದು, ಹಾರ್ನು ಇನ್ನೂ ಹಳೆಯದು. ಎರಡೂ ಸೇರಿ ಸ್ವರವನ್ನು ಚರಚರನೆ ಹರಿದು ಹಾಕುತ್ತಿದ್ದವು. ಇಂಗ್ಲಿಷಿನವರು ಹಣ ಕೊಟ್ಟು ಬೇರೆ ಪೆಟ್ಟಿಗೆ ಕೊಂಡು ಹುಟ್ಟಿಸುವ ರಾಕ್ ಗಿಟಾರಿನ ಆ ಕರಕರ ಸದ್ದು ನಮಗೆ ದೇವರ ದಯೆಯಿಂದ ಪುಕ್ಕಟೆ ಸಿಕ್ಕಿತು.

ಇನ್ನು ಹಾಡು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಗೊತ್ತಿದ್ದವರು ನಗುತ್ತೀರಿ, ಗೊತ್ತಿಲ್ಲದವರು ಗೊತ್ತಿದ್ದವರ ಹಾಗೆ ತಲೆಯಾಡಿಸುತ್ತೀರಿ. ಜಗತ್ತಿನಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬನೂ ಒಮ್ಮೆಯಾದರೂ ನುಡಿಸಲು ಹೋಗಿ ಬೆರಳು ಸುಟ್ಟುಕೊಂಡ ಹಾಡು ಅದು. ಮೊದಲು ಮಾತು, ಆಮೇಲೆ ಮಾತೆಲ್ಲ ಮುಗಿದು ಬರೀ ಗಿಟಾರು. ಆ ಗಿಟಾರು ಏರುತ್ತ ಏರುತ್ತ ಹೋಗುತ್ತದೆ. ಗಂಗಾವತಿಯಲ್ಲಿ ಕ್ಯಾಸೆಟ್ ತುಂಬಿಕೊಡುವ ಅಂಗಡಿಯೊಂದಿತ್ತು. ಬೇಕಾದ ಹಾಡು ಹೇಳಿದರೆ ಎರಡೂ ಬದಿ ಭರ್ತಿಮಾಡಿ ಕೊಡುತ್ತಿದ್ದರು. ಅಂಗಡಿಯಾತನಿಗೆ ಟೇಪನ್ನು ಖಾಲಿ ಬಿಡುವುದೆಂದರೆ ಅನ್ನ ಚೆಲ್ಲಿದ ಹಾಗೆ. ಉಳಿದ ಜಾಗದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು ಹಾಡು. ನನ್ನ ಹಾಡು ಮೊದಲ ಬದಿಯ ಕೊನೆಗೆ ಬಂದಿತ್ತು. ಗಿಟಾರು ಏರಿ, ಏರಿ, ಇನ್ನೇನು ತುದಿ ಮುಟ್ಟಿತು ಅನ್ನುವಷ್ಟರಲ್ಲಿ ಟೇಪ್ ಮುಗಿದು ಟಕ್ ಅನ್ನುತ್ತಿತ್ತು.

ಶೆಡ್ಡಿನಲ್ಲಿ ಹೆಂಗಸರ ಎದುರೇ ನನ್ನ ಅಭ್ಯಾಸ. ಬೇರೆ ಜಾಗ ಇರಲಿಲ್ಲ. ನನ್ನ ಸಹಪಾಠಿ ಖಾಜಾ ಢೋಲಕ್ ತರುತ್ತಿದ್ದ. ಟೇಪ್ ಹಚ್ಚುವುದು, ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹುಡುಕುವುದು, ಮತ್ತೆ ಹಿಂದಕ್ಕೆ ತಿರುಗಿಸುವುದು. ಬೆರಳ ತುದಿಗೆ ಗುಳ್ಳೆ ಎದ್ದವು. ಅವ್ವ ಅರಿಷಿಣ ಎಣ್ಣೆ ಹಚ್ಚಿದಳು. ಎಣ್ಣೆಯ ಬೆರಳು ತಂತಿಯ ಮೇಲೆ ಜಾರಿ, ಹಾಡಿನಲ್ಲಿ ಇಲ್ಲದ ಸ್ವರಗಳೂ ಹುಟ್ಟಿದವು. ಶ್ರುತಿ ಮಾಡಿಕೊಳ್ಳಲು ಬೇರೆ ದಾರಿ ತಿಳಿಯದೆ ಗಿಟಾರನ್ನು ಅಪ್ಪನ ಪೇಟಿಗೆ ಹೊಂದಿಸಿಕೊಂಡಿದ್ದೆ.

"ಯಾರ ಹೋಗ್ಯಾರೋ ತಮ್ಮಾ ಅವನ ಮನ್ಯಾಗ? ಅಷ್ಟ್ಯಾಕ ಅಳಾಕತ್ಯಾನ?" ಎಂದು ಹನುಮವ್ವ ಟೇಪಿನ ಹಾಡುಗಾರನ ಬಗ್ಗೆ ಕೇಳಿದಳು.

"ಅದು ಪ್ರೀತಿ ಹಾಡು ಇರಬೇಕು ಬೇ," ಎಂದೆ. ನನಗೂ ಗೊತ್ತಿರಲಿಲ್ಲ.

"ಹಂಗಾರ ಆಕಿ ಹೋಗಿರಬೇಕು ಬಿಡು," ಎಂದು ಆಕೆ ತೀರ್ಮಾನ ಕೊಟ್ಟಳು.

ಅಪ್ಪನ ತಕರಾರು ಬೇರೆ. ಹಾಡು ನಿಧಾನವಿದ್ದಲ್ಲಿ ಹೆಂಗಸರ ಕೈ ನಿಧಾನ. ಜೋರಾದಲ್ಲಿ ಕೈಯೂ ಜೋರಾಗಿ ಎಳೆ ಹರಿಯುತ್ತವೆ. "ಒಂದ ನಮೂನಿ ನುಡಸೋ, ನನ್ನ ಮಾಲು ಹಾಳಾಗಾಕತ್ತೈತಿ," ಎನ್ನುತ್ತಿದ್ದ. ಆದರೆ ಅವನನ್ನು ನಿಜವಾಗಿ ಕಾಡಿದ್ದು ಆ ಟಕ್. ಭಜನೆಯ ಮನುಷ್ಯ. ಆರಂಭಿಸಿದ ಪದವನ್ನು, ಅಂದರೆ ಹಾಡನ್ನು, ಅರ್ಧಕ್ಕೆ ಬಿಟ್ಟು ಎದ್ದವನಲ್ಲ. ದಿನವೂ ಅದೇ ಹಾಡು ಅದೇ ಜಾಗದಲ್ಲಿ ಕತ್ತು ಮುರಿದು ಬೀಳುವುದನ್ನು ಕೇಳಿ ಕೇಳಿ, ಒಂದು ದಿನ ಉಣ್ಣುವ ತಾಟಿನಿಂದ ಕೈ ಎತ್ತಿದ.

"ಚಾಲೂ ಮಾಡೋದು, ಬಿಡೋದು. ಚಾಲೂ ಮಾಡೋದು, ಬಿಡೋದು. ಮುಗಿಯೂದ ಇಲ್ಲೇನು ಅದು? ನೋಡು, ನಿಮ್ಮ ಕಾಲೇಜಿನ ಗ್ಯಾದರಿಂಗ್ ಬರಾಕತ್ತೈತಿ. ಅವತ್ತ ಎಲ್ಲಾರ ಮುಂದ ಅದನ್ನ ಮೊದಲಿಂದ ಕಡೀತನಕ ಪೂರಾ ನುಡಸು. ನುಡಿಸಿದಿ, ಗಿಟಾರ ಮನ್ಯಾಗ ಇರ್ತೈತಿ. ಇಲ್ಲ, ಅದನ್ನ ಮಂಗಳೂರಿಗೆ ಕಳಸ್ತೀನಿ."

ಗ್ಯಾದರಿಂಗ್ ಅಂದರೆ ನಮ್ಮಲ್ಲಿ ಕಾಲೇಜಿನ ವಾರ್ಷಿಕೋತ್ಸವ. ಇನ್ನು ಮಂಗಳೂರೆಂದರೆ ಸಮುದ್ರ, ಮೀನು ಎಂದೆಲ್ಲ ಕನಸು ಕಾಣಬೇಡಿ. ಇದು ನಮ್ಮ ಯಲಬುರ್ಗಾದ ಕಡೆಯ ಮಂಗಳೂರು. ಅಲ್ಲಿ ನಮ್ಮ ಅತ್ತೆಯ ಮಗ ಸಿದ್ದ್ಯಾ ಇದ್ದ. ಒಮ್ಮೆ ಬಂದಾಗ ಗಿಟಾರನ್ನು ತಿರುವಿ ನೋಡಿ, "ಇದರ ಈ ಬೆಲ್ಟ ಭಾಳ ಗಟ್ಟಿ ಐತಿ, ಎಮ್ಮಿ ಕಟ್ಟಾಕ ಬರ್ತೈತಿ," ಎಂದಿದ್ದ. ನನ್ನ ಕೆಂಪು ಗಿಟಾರಿನ ಮುಂದಿನ ಜೀವನ ಕಣ್ಣೆದುರು ಬಂತು.

ಬೆರಳುಗಳು ಅಷ್ಟರಲ್ಲಿ ಹೇಗೋ ಹಾದಿಗೆ ಬಂದಿದ್ದವು. ತೊಡಕು ಒಂದೇ. ಹಾಡು ಹೇಗೆ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಖಾಜಾನಿಗೂ ಗೊತ್ತಿರಲಿಲ್ಲ. ಕುಷ್ಟಗಿಯಲ್ಲಿ ಒಬ್ಬರ ಬಳಿ ಇಂಗ್ಲಿಷ್ ಕ್ಯಾಸೆಟ್ಟುಗಳ ರಾಶಿಯೇ ಇದೆ ಎಂದು ಯಾರೋ ಹೇಳಿದರು. ಇಬ್ಬರೂ ಬಸ್ಸು ಹತ್ತಿ ಹೋದೆವು. ಅವರು ಚಹಾ ಕೊಟ್ಟು, ಕಣ್ಣು ಮುಚ್ಚಿಕೊಂಡು, ನಮ್ಮೊಡನೆ ಹಾಡು ಕೇಳಿದರು. ಗಿಟಾರು ಏರಿತು, ಏರಿತು, ಟಕ್. ಅವರು ಕಣ್ಣು ತೆರೆದು, "ಏನ್ ಮುಕ್ತಾಯರೀ!" ಎಂದು ತಲೆದೂಗಿದರು. ಯಲಬುರ್ಗಾದ ಒಬ್ಬ ಟೇಲರ್ ಬಳಿ ವಿಚಾರಿಸಿದೆವು. ಅವನ ಹೊಲಿಗೆ ಯಂತ್ರದ ಪಕ್ಕದಲ್ಲೂ ಅದೇ ಏರು, ಅದೇ ಟಕ್. ಎಲ್ಲರ ಕ್ಯಾಸೆಟ್ಟೂ ಗಂಗಾವತಿಯ ಆ ಒಂದೇ ಅಂಗಡಿಯಲ್ಲಿ ಹುಟ್ಟಿದ್ದು. ಇಡೀ ಜಿಲ್ಲೆಯಲ್ಲಿ ಆ ಹಾಡಿಗೆ ಕೊನೆಯೇ ಇರಲಿಲ್ಲ, ಮತ್ತು ನಮ್ಮಿಬ್ಬರನ್ನು ಬಿಟ್ಟರೆ ಅದು ಯಾರಿಗೂ ಗೊತ್ತೂ ಆಗಿರಲಿಲ್ಲ.

ಕೊನೆಗೆ ಆ ಅಂಗಡಿಗೇ ಹೋದೆವು. ಅಂಗಡಿಯಾತ ತನ್ನ ಮೂಲ ಕ್ಯಾಸೆಟ್ ಹಾಕಿದ. ಅದೂ ಯಾವುದೋ ಊರಿನಲ್ಲಿ ತುಂಬಿಸಿ ತಂದದ್ದು. ಟಕ್.

"ಇದರ ಮುಂದಿಂದು ಎಲ್ಲಿ ಸಿಗ್ತೈತಿ ಅಣ್ಣಾರ?"

"ಮುಂದಿಂದು ಎಲ್ಲಿಂದು ತಮ್ಮಾ? ಅಲ್ಲಿಗೇ ಮುಗೀತು. ಇಂಗ್ಲಿಷನ್ಯಾಗ ಹಂಗ ಇರ್ತೈತಿ. ಅವರಿಗೆ ಟೈಮ್ ಅಂದ್ರ ಟೈಮ್."

ಒಂದು ಕ್ಷಣ ನಾನೂ ನಂಬಿಬಿಟ್ಟೆ. ಆದರೆ ಅಪ್ಪ ನಂಬುವವನಲ್ಲ. ಟಕ್ ಎಂದು ನಿಲ್ಲಿಸಿದರೆ ಗಿಟಾರು ಮಂಗಳೂರಿಗೆ, ಎಮ್ಮೆಯ ಕೊರಳಿಗೆ. ಬಸ್ಸಿನಲ್ಲಿ ಖಾಜಾ ನನ್ನ ಭುಜ ತಟ್ಟುತ್ತ ಬಂದ. ನನಗೆ ಅಳು ಬಂದಿತ್ತು. ಕಣ್ಣಿಗೆ ಧೂಳು ಬಿದ್ದಿದೆ ಎಂದು ಸುಳ್ಳು ಹೇಳಿದೆ.

ಶೆಡ್ಡಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತವನನ್ನು ಕಂಡು ಹನುಮವ್ವ ಏನಾಯಿತೆಂದು ಕೇಳಿದಳು. ಹೇಳಿದೆ. ಆಕೆ ಸಿಕ್ಕಿನಿಂದ ಕಣ್ಣೆತ್ತದೆ ಅಂದಳು: "ಅದಕ್ಯಾಕ ಇಷ್ಟ ಊರ ತಿರಗಿದ್ರಿ? ಪದ ಎಲ್ಲಿಗೆ ಬಂದಿರ್ತೈತೋ ಅಲ್ಲಿಗೆ ಮಂಗಳ ಹಾಡಿ ಎದ್ದಬಿಡೋದು. ನಿಮ್ಮಪ್ಪ ಸೋಮವಾರಕ್ಕೊಮ್ಮೆ ಏನ್ ಮಾಡ್ತಾನ?"

ಖಾಜಾ ನನ್ನ ಮುಖ ನೋಡಿದ. ನಾನು ಗಿಟಾರ್ ಎತ್ತಿಕೊಂಡೆ. ಹುಟ್ಟಿದಾಗಿನಿಂದ ಕೇಳಿದ ಮಂಗಳ. ಬೆರಳು ತಾವಾಗಿಯೇ ಹೋದವು. ಅಪ್ಪನ ಪೇಟಿಗೆ ಶ್ರುತಿಯಾಗಿದ್ದ ಗಿಟಾರು ಅಪ್ಪನ ಮಂಗಳಕ್ಕೆ ತಕರಾರು ಮಾಡಲಿಲ್ಲ. ಏರಿ ಏರಿ ಬಂದ ಇಂಗ್ಲಿಷ್ ಗಿಟಾರು ಟಕ್ ಅನ್ನುವ ಜಾಗದಲ್ಲಿ ಒಂದು ಗಳಿಗೆ ಉಸಿರು ಹಿಡಿದು, ಮೆಲ್ಲಗೆ ನಮ್ಮ ಓಣಿಯ ಗುಡಿಯ ಮೆಟ್ಟಿಲು ಇಳಿಯಿತು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೂದಲು ಹಿಡಿದ ಕೈ ಜೋಡಿಸಿದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಗ್ಯಾದರಿಂಗ್ ದಿನ ರಾಕ್ ನುಡಿಸುವವನ ಕೂದಲಿನ ಪ್ರಶ್ನೆ ಮತ್ತೆ ಎದ್ದಿತು. ಹನುಮವ್ವ ಒಂದು ಟೊಪ್ಪಿಗೆಯ ಒಳಗೆ ಒಳ್ಳೆಯ ಉದ್ದನೆಯ ಕಟ್ಟನ್ನು ಹೊಲಿದು ಕೊಟ್ಟಳು. ಅಪ್ಪ ಅದನ್ನು ನೋಡಿ ಎದೆ ಹಿಡಿದುಕೊಂಡ. "ಮೊದಲನೇ ನಂಬರ್ ಮಾಲಲ್ಲೋ ಇದು! ನಾಳಿ ಲಾರಿಗೆ ಹೋಗೂದೈತಿ. ಒಂದ ಎಳಿ ಹಾಳಾತಂದ್ರ ನೋಡು." ಹೀಗಾಗಿ ತಲೆಯನ್ನು ಒಮ್ಮೆಯೂ ಅಲ್ಲಾಡಿಸದೆ, ಬಾಸಿಂಗ ಕಟ್ಟಿಕೊಂಡ ಮದುಮಗನಂತೆ ನೆಟ್ಟಗೆ ನಿಂತು ರಾಕ್ ನುಡಿಸಿದ ಒಬ್ಬನೇ ಮನುಷ್ಯ ಬಹುಶಃ ನಾನು.

ಬಯಲಲ್ಲಿ ಶಾಮಿಯಾನ. ಹುಡುಗರು, ಅವರ ಮನೆಯವರು, ಓಣಿಯವರು, ಮುಂದಿನ ಸಾಲಿನಲ್ಲಿ ನಮ್ಮ ಶೆಡ್ಡಿನ ಹೆಂಗಸರು. ವೇದಿಕೆಯ ಮೇಲೆ ಪ್ರಾಚಾರ್ಯರು ಮತ್ತು ಪಕ್ಕದ ಊರಿನಿಂದ ಬಂದ ಮುಖ್ಯ ಅತಿಥಿ, ಒಬ್ಬ ಸಾಹಿತಿಗಳು. ಅವರ ತೊಡೆಯ ಮೇಲೆ ಭಾಷಣದ ಕಾಗದಗಳ ದಪ್ಪ ಕಟ್ಟು. ಅವರ ಮಾತಿಗಿಂತ ಮುಂಚೆ ಜನರನ್ನು ಸ್ವಲ್ಪ ಹುರಿದುಂಬಿಸಲಿ ಎಂದು ನನ್ನನ್ನು ಕರೆದರು. ಭಜನೆಯ ಮೈಕ್ ಸೆಟ್ಟನ್ನೇ ಒಯ್ದಿದ್ದೆವು. ಅಪ್ಪ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ.

ಮೊದಲ ಸ್ವರ ಹೊರಬಿತ್ತು. ಖಾಜಾನ ಢೋಲಕ್ ಬೆನ್ನಿಗಿತ್ತು. ಹುಡುಗರು ಸೀಟಿ ಹೊಡೆದರು, ಕುರ್ಚಿಯ ಮೇಲೆ ಹತ್ತಿ ಕುಣಿದರು. ಗಿಟಾರು ಏರಿತು, ಏರಿತು. ಕುಷ್ಟಗಿಯವರು ತಲೆದೂಗಿದ ಜಾಗ ಬಂತು. ಟಕ್ ಅನ್ನಲಿಲ್ಲ. ಉಸಿರು ಹಿಡಿದು ಮಂಗಳಕ್ಕೆ ಇಳಿದೆ.

ಮೊದಲು ಎದ್ದವಳು ಹನುಮವ್ವ. ಎದ್ದು ಕೈ ಮುಗಿದಳು. ಆಮೇಲೆ ಆ ಸಾಲು, ಹಿಂದಿನ ಸಾಲು, ಅದರ ಹಿಂದಿನದು. ಸೀಟಿ ಹೊಡೆಯುತ್ತಿದ್ದ ಹುಡುಗರು ಬಾಯಿಂದ ಬೆರಳು ತೆಗೆದು ಕುರ್ಚಿಯಿಂದ ಕೆಳಗಿಳಿದು ಕೈ ಜೋಡಿಸಿದರು. ಪ್ರಾಚಾರ್ಯರು ಎದ್ದರು. ಸಾಹಿತಿಗಳೂ ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಕಣ್ಣು ಮುಚ್ಚಿದರು. ಸೋಮವಾರ ಸೋಮವಾರ ಮಂಗಳ ಕೂಗಿದ ಅದೇ ಹಾರ್ನು ಕೂಗುತ್ತಿತ್ತು. ಕೂತಿರಲು ಯಾರಿಗೂ ಮನಸ್ಸು ಬರಲಿಲ್ಲ.

ಕೊನೆಯ ಸ್ವರ ಮುಗಿಯಿತು. ಜನ ಕೈಗಳನ್ನು ಕಣ್ಣಿಗೊತ್ತಿಕೊಂಡರು, ಮಕ್ಕಳನ್ನು ಎತ್ತಿಕೊಂಡರು, ಚಪ್ಪಲಿ ಹುಡುಕಿಕೊಂಡರು, ಹೊರಟರು.

"ಕೂಡ್ರಿ! ಕೂಡ್ರಿ! ಕಾರ್ಯಕ್ರಮ ಇನ್ನಾ ಐತಿ! ಅತಿಥಿಗಳ ಭಾಷಣ ಐತಿ!" ಎಂದು ಪ್ರಾಚಾರ್ಯರು ಮೈಕಿನಲ್ಲಿ ಒದರಿದರು. ಮಂಗಳವಾದ ಮೇಲೆ ಯಾರು ಕೂಡುತ್ತಾರೆ? ಒಬ್ಬ ಮುದುಕ ವೇದಿಕೆಯ ಹತ್ತಿರ ಬಂದು, "ಪ್ರಸಾದ ಯಾ ಕಡಿ ಕೊಡ್ತಾರ್ರಿ?" ಎಂದು ಸಾಹಿತಿಗಳನ್ನೇ ಕೇಳಿದ. ನಾನು ಗಾಬರಿಯಲ್ಲಿ ಬಾಗಿ ನಮಸ್ಕಾರ ಮಾಡಿದೆ. ಟೊಪ್ಪಿಗೆ ಕೂದಲು ಸಮೇತ ಕೆಳಗೆ ಬಿತ್ತು. ಅಪ್ಪ ಓಡಿ ಬಂದ. ನನ್ನನ್ನು ಅಪ್ಪಿಕೊಳ್ಳಲು ಬಂದನೆಂದು ತೋಳು ಚಾಚಿದೆ. ಅವನು ಬಗ್ಗಿ ಟೊಪ್ಪಿಗೆ ಎತ್ತಿ, ಕೂದಲ ಧೂಳು ಝಾಡಿಸಿ, ಎಳೆ ಎಳೆ ನೋಡಿ, ಆಮೇಲೆ ನನ್ನ ಮುಖ ನೋಡಿದ.

"ಪೂರಾ ಆತು," ಎಂದ. "ಗಿಟಾರ ಮನಿಗೆ ತಗೊಂಡ ನಡಿ."

ಮರುದಿನ ಪ್ರಾಚಾರ್ಯರು ಕರೆಸಿ ಬೈದರು. ಆದರೆ ಮಧ್ಯೆ ಬೈಗುಳ ನಿಲ್ಲಿಸಿ, "ಇಂಗ್ಲಿಷನ್ಯಾಗೂ ಮಂಗಳ ಇರ್ತೈತೇನೋ?" ಎಂದು ಕೇಳಿದರು. ಹೌದೆಂದೆ. ಅವರು ನಂಬಿದರು. ನಿಜ ಹೇಳಬೇಕೆಂದರೆ, ನಾನೂ ಅರ್ಧ ನಂಬಿದ್ದೆ.

ಇದೆಲ್ಲ ಮೊನ್ನೆ ಆ ತುಣುಕು ಹಿಡಿದು ಮಗಳಿಗೆ ಹೇಳುತ್ತಿದ್ದೆ. ಅವಳು ಹೊಟ್ಟೆ ಹಿಡಿದು ನಕ್ಕು, ಮೊಬೈಲ್ ತೆಗೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಹಾಡನ್ನು ಹುಡುಕಿಬಿಟ್ಟಳು. ನಾನು ಊರೂರು ತಿರುಗಿ ಹುಡುಕಿದ ಕೊನೆ! ಇಷ್ಟು ವರ್ಷ ನಾನೇಕೆ ಹುಡುಕಲಿಲ್ಲ ಎಂದು ಕೇಳಿದಳು. ಹೆದರಿಕೆ ಅಂದೆ. ನಮ್ಮದಕ್ಕಿಂತ ಚೆನ್ನಾಗಿದ್ದರೆ ಏನು ಮಾಡುವುದು?

ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಈಗ ಅವನಿಗೆ ಮೊಣಕಾಲು ನೋವು. ಯಾರಾದರೂ ಕೈ ಕೊಡದೆ ಏಳುವುದಿಲ್ಲ. ಏಳಬೇಕೆನ್ನಿಸಿದಾಗ ಮನೆಯವರನ್ನೆಲ್ಲ ಹೆಸರು ಹಿಡಿದು ಕೂಗುತ್ತಾನೆ. ಹಾಡು ಕೇಳಿ ಗುರುತು ಹಿಡಿದು, ತೊಡೆಯ ಮೇಲೆ ತಾಳ ಹಾಕತೊಡಗಿದ. ಗಿಟಾರು ಏರಿತು. ಟಕ್ ಅನ್ನುವ ಜಾಗ ಬಂದು, ದಾಟಿತು. ಗಿಟಾರು ಇನ್ನೂ ಏರುತ್ತಿತ್ತು, ಆದರೆ ದೂರವಾಗುತ್ತ, ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ, ಎಲ್ಲಿ ನಿಂತಿತೆಂದು ತಿಳಿಯದಂತೆ ನಿಂತಿತು.

"ಚಾರ್ಜ್ ಹೋತೇನ ಬೇ ಅದರದು?" ಎಂದು ಅಪ್ಪ ಮೊಮ್ಮಗಳನ್ನು ಕೇಳಿದ.

"ಇಲ್ಲ ಅಜ್ಜಾ. ಅದು ಮುಗಿಯೂದ ಹಂಗ. ಹಂಗ ಸಣ್ಣಾಕ್ಕೋತ ಹೋಗಿಬಿಡ್ತೈತಿ."

ಅಪ್ಪ ಮೊಬೈಲಿನಿಂದ ಕಣ್ಣೆತ್ತಿ ನನ್ನ ಕಡೆ ತಿರುಗಿದ.

"ಅಂದ್ರ ಅವರು ಮುಗಿಸೇ ಇಲ್ಲಲೇ. ಹಾಡಿದವರು ಅವರು, ಮುಗಿಸಿದವ ನೀನ."

ನಾನು ಕಪಾಟಿನ ಮೇಲಿನಿಂದ ಗಿಟಾರ್ ಇಳಿಸಿದೆ. ಚಾದರ ಅದೇ, ಗಂಗಾವತಿಯದು. ಈಗ ಮೈಕ್ ಸೆಟ್ಟಿಲ್ಲ. ಮತ್ತೆ ಅದೇ ಸೊಳ್ಳೆಯ ಸದ್ದು. ಬಾಚಣಿಗೆಯ ತುಣುಕನ್ನು ಬೆರಳಲ್ಲಿ ಹಿಡಿದು, ಹಾಡನ್ನೆಲ್ಲ ಬಿಟ್ಟು, ನೇರ ಮಂಗಳಕ್ಕೆ ಹೋದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಂಚ ಕಿರ್ ಎಂದಿತು. ತಲೆಯೆತ್ತಿ ನೋಡಿದೆ. ಅಪ್ಪ ಯಾರನ್ನೂ ಕರೆಯದೆ, ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಎದೆಯ ಮೇಲೆ.

"ಏಳವ್ವಾ," ಎಂದು ಮೊಮ್ಮಗಳಿಗೆ ಮೆಲ್ಲಗೆ ಹೇಳಿದ. "ಇದನ್ನ ಕುಂತ ಕೇಳಬಾರದು."